ನೆರಳು ಕೊಟ್ಟ ಮರ



ನಾನು 2004ರಲ್ಲಿ ಇದೇ ಶಾಲೆಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವನು. ಕಿರುಪರೀಕ್ಷೆಯೊಂದರಲ್ಲಿ ಮರುಭೂಮಿಯ ಬಗ್ಗೆ ಪ್ರಶ್ನೆ ಬಂದಾಗ, "ಅಲ್ಲಿ ಮರಳು ಬಿಟ್ಟರೆ ಏನೂ ಇರುವುದಿಲ್ಲ" ಎಂದು ಬರೆದಿದ್ದೆ. ಸಮಾಜ ವಿಜ್ಞಾನದ ಮೇಷ್ಟ್ರು ಆ ಸಾಲಿಗೆ ಕೆಂಪು ಗೆರೆ ಎಳೆದು ಅರ್ಧ ಅಂಕ ಕಳೆದರು. ಆ ಅರ್ಧ ಅಂಕದ ಕಥೆಯನ್ನೇ ಇವತ್ತು ಹೇಳುತ್ತೇನೆ.

ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದೆ. 2014ರಲ್ಲಿ ಕಂಪನಿ ನನ್ನನ್ನು ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ಗೆ ಕಳಿಸಿತು. ಅದು ಸೊನೊರನ್ ಮರುಭೂಮಿಯ ಒಳಗಿನ ನಗರ. ವರ್ಷಕ್ಕೆ ಬೀಳುವ ಮಳೆ ಸುಮಾರು 7 ಇಂಚು. ಆಷಾಢದಲ್ಲಿ ನಮ್ಮ ತೋಟದಲ್ಲಿ ಎರಡು ಮೂರು ದಿನಕ್ಕೆ ಬೀಳುವಷ್ಟು. ಬೇಸಿಗೆಯಲ್ಲಿ 43 ಡಿಗ್ರಿ ದಾಟುವುದು ಮಾಮೂಲು. ಎ.ಸಿ. ಮನೆ, ಎ.ಸಿ. ಕಾರು, ಎ.ಸಿ. ಆಫೀಸು. ಕಿಟಕಿ ಆಚೆ ಬೋಳು ಗುಡ್ಡ, ಮುಳ್ಳು, ಕಲ್ಲು. ಹಸಿರಿನಲ್ಲಿ ಹುಟ್ಟಿದ ನನಗೆ ಅದು ಸತ್ತ ನೆಲ ಅನ್ನಿಸುತ್ತಿತ್ತು. ಫೋನಿನಲ್ಲಿ ಊರಿನ ಮಳೆಯ ಸದ್ದು ಕೇಳಿಸಿ ಅಂತ ಅಪ್ಪನನ್ನು ಪೀಡಿಸುತ್ತಿದ್ದೆ. ಅವರು ಫೋನನ್ನು ಜಗಲಿಗೆ ಒಯ್ದು ಹಿಡಿಯುತ್ತಿದ್ದರು.

2021ರಲ್ಲಿ ಅಪ್ಪ ತೀರಿಕೊಂಡರು. ಮರುವರ್ಷ ಅಮ್ಮನನ್ನು ಆರು ತಿಂಗಳ ಮಟ್ಟಿಗೆ ಕರೆಸಿಕೊಂಡೆ. ಈ ಒಣ ಊರಿನಲ್ಲಿ ಅವರು ವಾರವೂ ಇರಲಾರರು ಎಂಬ ಭಯ ನನಗಿತ್ತು.

ಒಂದು ಬೆಳಿಗ್ಗೆ ಮನೆ ಹತ್ತಿರದ ಸೌತ್ ಮೌಂಟನ್ ಗುಡ್ಡಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಕಂಬದ ಹಾಗೆ ನಿಲ್ಲುವ ಸವಾರೊ ಎಂಬ ಕಳ್ಳಿ ಇದೆ. ದೊಡ್ಡದನ್ನು ತೋರಿಸಿ ಫೋಟೋ ತೆಗೆಯಲು ಹೊರಟೆ. ಅಮ್ಮ ಮಾತ್ರ ಒಂದು ಮರದ ಬುಡದಲ್ಲಿ ಕೂತುಬಿಟ್ಟಿದ್ದರು. ಅಲ್ಲಿ ಗೇಣುದ್ದದ ಸವಾರೊ ಸಸಿಯಿತ್ತು.

"ನೋಡೋ, ನಮ್ಮ ಅಡಿಕೆ ಸಸಿಗೆ ಬಾಳೆ ನೆರಳು ಕೊಟ್ಟ ಹಾಗೆ ಈ ಮರ ಇದಕ್ಕೆ ನೆರಳು ಕೊಟ್ಟಿದೆ" ಎಂದರು.

ನಾನು ಎಂಟು ವರ್ಷ ಅದೇ ದಾರಿಯಲ್ಲಿ ಓಡಾಡಿದ್ದೆ. ಒಂದು ಸಲವೂ ಕಂಡಿರಲಿಲ್ಲ. ಮನೆಗೆ ಬಂದು ಓದಿದೆ. ಅಮ್ಮ ಹೇಳಿದ್ದು ಅಕ್ಷರಶಃ ನಿಜ. ಆ ಮರದ ಹೆಸರು ಪಾಲೊವರ್ಡಿ. ಬರ ಬಂದರೆ ಎಲೆ ಉದುರಿಸಿ, ಹಸಿರು ತೊಗಟೆಯಿಂದಲೇ ಆಹಾರ ತಯಾರಿಸಿಕೊಳ್ಳುತ್ತದೆ. ಅಂಥ ಮರದ ಆಸರೆಯಿಲ್ಲದೆ ಸವಾರೊ ಸಸಿ ಬಿಸಿಲಿಗೂ ಚಳಿಗೂ ಉಳಿಯುವುದು ಕಷ್ಟ. ಮೊದಲ ಎಂಟು ವರ್ಷಕ್ಕೆ ಅದು ಬೆಳೆಯುವುದು ಒಂದೂವರೆ ಇಂಚಿನಷ್ಟು. ಕೈಯಂಥ ಕೊಂಬೆ ಬರಲು ಐವತ್ತು, ಎಪ್ಪತ್ತು ವರ್ಷವೂ ಬೇಕು. ಅಂದರೆ ನಮ್ಮ ಶಾಲೆಯ ವಯಸ್ಸಿಗೆ ಅದಿನ್ನೂ ಕೈ ಚಾಚಲು ಶುರುಮಾಡುವ ಹುಡುಗ!

ಆಮೇಲೆ ಅಮ್ಮನ ಜೊತೆ ದಿನಾ ಹೋಗತೊಡಗಿದೆ. ಮರಕುಟಿಗ ಸವಾರೊದಲ್ಲಿ ಕೊರೆದು ಬಿಟ್ಟ ಪೊಟರೆಯಲ್ಲಿ ಪುಟ್ಟ ಗೂಬೆ ಸಂಸಾರ ಮಾಡುವುದನ್ನು ಕಂಡೆವು. ರಾತ್ರಿ ಅರಳಿದ ಬಿಳಿ ಹೂವಿಗೆ ಬೆಳಗಿನ ಜಾವ ಜೇನು ಮುತ್ತುವುದನ್ನು ಕಂಡೆವು. ಜುಲೈನಲ್ಲಿ ಒಂದು ಸಂಜೆ ಧೂಳೆದ್ದು, ಗುಡುಗಿ, ಮಳೆ ಬಂತು. ಅಲ್ಲಿಯವರೂ ಅದನ್ನು ಮಾನ್ಸೂನ್ ಎಂದೇ ಕರೆಯುತ್ತಾರೆ. ಕ್ರಿಯೊಸೋಟ್ ಎಂಬ ಪೊದೆಯ ಎಲೆ ನೆನೆದು ಊರೆಲ್ಲ ಘಮ್ಮೆಂದಿತು. ಅಮ್ಮ ಬಾಗಿಲು ತೆರೆದು ನಿಂತು, "ನಿಮ್ಮಪ್ಪ ಇದ್ದಿದ್ದರೆ ಈಗ ಕಾಫಿ ಕೇಳ್ತಿದ್ರು" ಎಂದರು. ಅಪ್ಪ ಹೋದ ಮೇಲೆ ಅವರ ಮಾತು ನಗುತ್ತಾ ಆಡಿದ್ದು ಅವತ್ತೇ ಮೊದಲು. ಆ ನೆಲ ನನಗೂ ಅವತ್ತಿನಿಂದ ಪರಕೀಯವಾಗಿ ಉಳಿಯಲಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಸವಾರೊ ಬೆಳೆದು ದೊಡ್ಡದಾದಾಗ ಸುತ್ತಲಿನ ನೀರನ್ನೆಲ್ಲ ಹೀರಿ, ನೆರಳು ಕೊಟ್ಟ ಮರವೇ ಒಣಗುವುದೂ ಉಂಟು. ಅದನ್ನು ಓದಿದಾಗ ನನಗೆ ಈ ಶಾಲೆ ನೆನಪಾಯಿತು. ನಾವಿದ್ದಾಗ ಎಂಟನೇ ತರಗತಿಗೆ ಎರಡು ಸೆಕ್ಷನ್ ಇತ್ತು. ಈಗ ಒಂದು ಕೋಣೆ ತುಂಬುವುದೂ ಕಷ್ಟ. ನಾವು ಇಲ್ಲಿಂದ ಬೆಳೆದು ಹೋದೆವು, ತಿರುಗಿ ಏನು ಕೊಟ್ಟೆವು?

ಕಳ್ಳಿಗೆ ಬೇರೆ ದಾರಿಯಿಲ್ಲ, ನಮಗಿದೆ. ಈ ಜೂನ್‌ನಿಂದ ಪ್ರತಿ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಹತ್ತನೇ ತರಗತಿಯ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಆಗ ನನಗೆ ಶುಕ್ರವಾರ ರಾತ್ರಿ ಎಂಟೂವರೆ. ನಿಮ್ಮಲ್ಲಿ ಯಾರಿಗೆ ಯಾವ ವಿಷಯ ಬರುತ್ತದೋ ಜೊತೆಗೆ ಬನ್ನಿ.

ಮೇಷ್ಟ್ರೇ, ನೀವು ಕಳೆದ ಆ ಅರ್ಧ ಅಂಕ ಸರಿಯಾಗಿತ್ತು.