ಮನೆಗೂ ವರ್ಷಕ್ಕೆ ಮೂರು ಸಲ ಆರೈಕೆ ಬೇಕು
(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ತುಂಬಿದ ಸಂಘದ ಸಾಧನೆ ಬಗ್ಗೆ ಬಲ್ಲವರು ಆಗಲೇ ಮಾತಾಡಿದ್ದಾರೆ. ನಾವು ಎಸ್.ಎಸ್.ಎಲ್.ಸಿ. ಓದಿದ ರೈತರು, ದೊಡ್ಡ ಮಾತು ನಮಗೆ ಬರುವುದಿಲ್ಲ. ಆದ್ದರಿಂದ ಎಲ್ಲರಿಗೂ ಸಂಬಂಧಪಟ್ಟ ಒಂದು ಸಣ್ಣ ವಿಷಯ ಆರಿಸಿಕೊಂಡಿದ್ದೇವೆ. ಹಸುವಿಗೆ ಕಾಲುಬಾಯಿ ರೋಗದ ಲಸಿಕೆಯನ್ನು ತಪ್ಪದೆ ಹಾಕಿಸುತ್ತೇವೆ. ಟಿಲ್ಲರಿಗೆ ಆಯಿಲ್ ಬದಲಾಯಿಸುತ್ತೇವೆ. ಆದರೆ ನಾವೇ ಮಲಗುವ ಮನೆ, ಕುಡಿಯುವ ನೀರಿನ ಟ್ಯಾಂಕು, ಸ್ನಾನದ ಹಂಡೆ ಒಲೆ, ಇವುಗಳ ಕಡೆ ಕೆಟ್ಟು ಕೂತ ಮೇಲೆಯೇ ನಮ್ಮ ಕಣ್ಣು ಹೋಗುವುದು. ಇದು ಬರೀ ಖರ್ಚಿನ ಮಾತಲ್ಲ, ಪ್ರಾಣದ ಮಾತು. ಅದು ಹೇಗೆ ಅಂತ ಹೇಳುತ್ತೇವೆ.

ನಮ್ಮ ಜಿಲ್ಲೆಯ ಹವಾಮಾನ ಒಂದೇ ಸಮ ಇಲ್ಲ. ಸಕಲೇಶಪುರದ ಕಡೆ ಬೀಳುವ ಮಳೆಯ ಅರ್ಧವೂ ಚನ್ನರಾಯಪಟ್ಟಣಕ್ಕೆ ಬೀಳುವುದಿಲ್ಲ. ಅರಕಲಗೂಡು ನಡುವೆ ಇದೆ, ಅರ್ಧ ಮಲೆನಾಡು, ಅರ್ಧ ಬಯಲು. 2018 ಮತ್ತು 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ರಾಮನಾಥಪುರದ ಹೊಳೆದಂಡೆಯ ಮನೆಗಳಿಗೆ ನೀರು ನುಗ್ಗಿತು. ಮುಂದೆ 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕು ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ಹಾಸನ ಸಮುದ್ರ ಮಟ್ಟದಿಂದ ಮೂರು ಸಾವಿರ ಅಡಿಗೂ ಮೇಲಿದೆ, ಧನುರ್ಮಾಸದ ಚಳಿ ಎಂಥದ್ದು ಅಂತ ಬೆಳಗ್ಗೆ ಡೇರಿಗೆ ಹಾಲು ತರುವವರಿಗೆ ಹೇಳಬೇಕಾಗಿಲ್ಲ. ಮಳೆ, ಚಳಿ, ಬಿಸಿಲು ಮೂರನ್ನೂ ತಾಳಬೇಕಾದ ಮನೆಗೆ ಮೂರು ಸಲ ಆರೈಕೆ ಬೇಕು. ದಿನ ಮರೆಯದ ಹಾಗೆ ಹಬ್ಬಕ್ಕೆ ಗಂಟು ಹಾಕಿಕೊಳ್ಳೋಣ: ಯುಗಾದಿ, ದೀಪಾವಳಿ, ಶಿವರಾತ್ರಿ.

ಮೊದಲು ಯುಗಾದಿ. ಹಬ್ಬ ಕಳೆದು ಭರಣಿ ಮಳೆ ಬೀಳುವುದರೊಳಗೆ ಸೂರಿನ ಕೆಲಸ ಮುಗಿಯಬೇಕು. ಹಿಂದೆ ನಾಡಹೆಂಚಿನ ಮನೆಗಳಿಗೆ ವರ್ಷ ವರ್ಷ ಹೆಂಚು ಕೈಯಾಡಿಸುತ್ತಿದ್ದರು. ಮಂಗಳೂರು ಹೆಂಚು ಬಂದ ಮೇಲೆ ಆ ಕೆಲಸ ಕಡಿಮೆಯಾಯಿತು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಹೆಂಚು ಅದು. ಒಂದಕ್ಕೊಂದು ಕಚ್ಚಿಕೊಂಡು ಕೂರುವುದರಿಂದ ಜಾರುವುದು ಕಡಿಮೆ. ಕಡಿಮೆ ಅಂದರೆ ಇಲ್ಲವೇ ಇಲ್ಲ ಅಂತಲ್ಲ. ಕೋತಿ ಓಡಾಡಿದರೆ, ತೆಂಗಿನ ಗರಿ ಬಿದ್ದರೆ ಒಂದು ಹೆಂಚು ಸೀಳುತ್ತದೆ. ಆ ಒಂದು ಸೀಳಿನಿಂದ ಇಳಿದ ನೀರು ರೀಪು ಕೊಳೆಸಿ, ತೊಲೆ ಹಿಡಿದು, ಮಣ್ಣಿನ ಗೋಡೆಗೆ ಇಳಿಯುತ್ತದೆ. ಮಣ್ಣಿನ ಗೋಡೆ ನೆನೆದರೆ ಹೇಳದೆ ಕೇಳದೆ ರಾತ್ರಿ ಹೊತ್ತು ಕುಸಿಯುತ್ತದೆ. ಮಳೆಗಾಲದಲ್ಲಿ ಗೋಡೆ ಕುಸಿದು ಸತ್ತರು ಅಂತ ಪೇಪರಿನಲ್ಲಿ ವರ್ಷವೂ ಓದುತ್ತೇವಲ್ಲ, ಅವುಗಳಲ್ಲಿ ಎಷ್ಟೋ ಮನೆಗಳ ಕಥೆ ಒಂದು ಒಡೆದ ಹೆಂಚಿನಿಂದ ಶುರುವಾಗಿರುತ್ತದೆ.

ತಾರಸಿ ಮನೆಯವರು ನಮಗೇನು ಅಂತ ಕೂರಬಾರದು. ತಾರಸಿಯಲ್ಲಿ ಎಲೆ ಕಸ ಸೇರಿ ನೀರು ಹೋಗುವ ಪೈಪು ಕಟ್ಟಿಕೊಂಡರೆ ನೀರು ನಿಲ್ಲುತ್ತದೆ, ಒಳಗಿನ ಕಬ್ಬಿಣ ತುಕ್ಕು ಹಿಡಿದು ಊದುತ್ತದೆ, ಚಾವಣಿಯ ಗಾರೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಕೊಟ್ಟಿಗೆಯ ಸಿಮೆಂಟ್ ಶೀಟಿನ ಮೇಲಂತೂ ಕಾಲಿಡಲೇಬೇಡಿ, ಹಳೇ ಶೀಟು ಆಳಿನ ಭಾರ ತಡೆಯುವುದಿಲ್ಲ. ಹಲಗೆ ಅಡ್ಡ ಹಾಕಿ, ಕೆಳಗೆ ಒಬ್ಬರನ್ನು ನಿಲ್ಲಿಸಿಕೊಂಡೇ ಹತ್ತಬೇಕು.

ಸೂರು ಶುಚಿಯಾದರೆ ಮತ್ತೊಂದು ಲಾಭವಿದೆ. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನೂರು ಚದರ ಮೀಟರಿನ ತಾರಸಿ ಮೇಲೆ ವರ್ಷಕ್ಕೆ 700 ಮಿಲಿಮೀಟರ್ ಬಿದ್ದರೆ 70 ಸಾವಿರ ಲೀಟರ್. ಅದರಲ್ಲಿ ನೂರಕ್ಕೆ 80 ಪಾಲು ಹಿಡಿದರೂ 56 ಸಾವಿರ ಲೀಟರ್ ಆಯಿತು. ಜಲ ಜೀವನ್ ಮಿಷನ್ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂದುಕೊಂಡರೆ, ಐದು ಜನರ ಸಂಸಾರಕ್ಕೆ 200 ದಿನ ಬರುವಷ್ಟು ನೀರು. ಇದನ್ನು ಚರಂಡಿಗೆ ಬಿಟ್ಟು, ಬೇಸಿಗೆಯಲ್ಲಿ ಟ್ಯಾಂಕರಿಗೆ ದುಡ್ಡು ಕೊಡುವುದು ಯಾವ ಜಾಣತನ?

ಎರಡನೆಯದು ದೀಪಾವಳಿ. ಚಳಿ ಶುರುವಾಗುವ ಹೊತ್ತು. ಹಂಡೆ ಒಲೆಯ ಬೂದಿ ತೆಗೆದು, ಹೊಗೆ ಕೊಳವೆಯ ಮಸಿ ಕೆರೆಸಬೇಕು. ಮಸಿ ಕಟ್ಟಿದರೆ ಹೊಗೆ ಮೇಲೆ ಹೋಗದೆ ಒಳಗೇ ಸುತ್ತುತ್ತದೆ, ಸೌದೆಯೂ ಜಾಸ್ತಿ ಬೇಕಾಗುತ್ತದೆ.

ಸೋಲಾರ್ ಹಾಕಿಸಿದವರು ಗಾಜಿನ ಕೊಳವೆಗಳ ಮೇಲಿನ ಧೂಳು ಒರೆಸಿದರೆ ಸಾಕು, ನೀರು ಮತ್ತಷ್ಟು ಕಾಯುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಒಳಗೆ ಸುಣ್ಣದ ಪದರ ಕಟ್ಟುತ್ತದೆ, ಅದನ್ನು ಬಲ್ಲವರಿಂದ ತೆಗೆಸಬೇಕು. ಖಾಲಿಯಾಗಿ ಬಿಸಿಲಿಗೆ ಕಾದ ಕೊಳವೆಗೆ ತಣ್ಣೀರು ಬಿಟ್ಟರೆ ಗಾಜು ಸಿಡಿಯುತ್ತದೆ. ನೀರು ತುಂಬುವುದಾದರೆ ಬೆಳಗಿನ ಜಾವ ತುಂಬಿ. ಕರೆಂಟಿನ ಗೀಸರ್ ಇದ್ದವರು ಅರ್ಥಿಂಗ್ ಸರಿ ಇದೆಯಾ ಅಂತ ನೋಡಿಸಿ, ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚೊಂದನ್ನು ಹಾಕಿಸಿ. ಒದ್ದೆ ಮೈಗೆ ಹೊಡೆದ ಕರೆಂಟು ಎರಡನೇ ಅವಕಾಶ ಕೊಡುವುದಿಲ್ಲ.

ಗೋಬರ್ ಗ್ಯಾಸ್ ಇರುವವರು ಚಳಿಗಾಲದಲ್ಲಿ ಗ್ಯಾಸ್ ಕಡಿಮೆ ಬರುತ್ತದೆ ಅಂತ ಗುಂಡಿಯನ್ನು ಬೈಯುತ್ತಾರೆ. ಸಗಣಿಯನ್ನು ಗ್ಯಾಸ್ ಮಾಡುವ ಜೀವಾಣುಗಳು ಚಳಿಗೆ ಮಂಕಾಗುವುದೇ ಅದಕ್ಕೆ ಕಾರಣ. ಬಿಸಿಲಿಗಿಟ್ಟ ನೀರಿನಲ್ಲಿ ಸಗಣಿ ಕಲಸಿ ಹಾಕಿ. ಪೈಪಿನೊಳಗೆ ನಿಂತ ನೀರನ್ನು ಆಗಾಗ ತೆಗೆಯಿರಿ.

ಚಳಿಗಾಲದ ಮಾತಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದನ್ನು ತಾಯಂದಿರು ಕಿವಿಗೊಟ್ಟು ಕೇಳಬೇಕು. ಬಾಣಂತಿ ಕೋಣೆಯಲ್ಲಿ, ವಯಸ್ಸಾದವರು ಮಲಗುವ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಕಿಟಕಿ ಮುಚ್ಚುವ ರೂಢಿ ಇದೆ. ಗಾಳಿ ಸಾಲದೆ ಉರಿಯುವ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ ಏಳುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಕೆಮ್ಮೂ ಬರುವುದಿಲ್ಲ. ಅದು ರಕ್ತಕ್ಕೆ ಸೇರಿ ಆಮ್ಲಜನಕದ ಜಾಗ ಹಿಡಿಯುತ್ತದೆ. ತಲೆನೋವು, ವಾಕರಿಕೆ, ಆಮೇಲೆ ಮಂಪರು. ಮಲಗಿದವರು ಏಳುವುದೇ ಇಲ್ಲ. ಕಿಟಕಿ ಇಲ್ಲದ ಬಚ್ಚಲಲ್ಲಿ ಹಾಕಿದ ಗ್ಯಾಸ್ ಗೀಸರ್ ಕೂಡ ಹೀಗೆಯೇ ಕೊಲ್ಲುತ್ತದೆ. ಅಗ್ಗಿಷ್ಟಿಕೆಯನ್ನು ಮಲಗುವ ಮುಂಚೆ ಹೊರಗೆ ಇಡಿ. ಗ್ಯಾಸ್ ಗೀಸರನ್ನು ಬಚ್ಚಲ ಹೊರಗೇ ಕೂರಿಸಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಒಂದು ಎಚ್ಚರ ಸಾಕು.

ಮೂರನೆಯದು ಶಿವರಾತ್ರಿ. ಚಳಿ ಹೋಗಿ ಬಿಸಿಲೇರುವ ಕಾಲ, ನೀರಿನ ಕಾಲ. ಟ್ಯಾಂಕು, ಸಂಪು ಖಾಲಿ ಮಾಡಿ ಉಜ್ಜಿ ತೊಳೆಯಬೇಕು, ಮುಚ್ಚಳ ಭದ್ರ ಮಾಡಬೇಕು. ಸಾವಿರ ಲೀಟರ್ ನೀರಿಗೆ ಹೊಸ ಬ್ಲೀಚಿಂಗ್ ಪುಡಿ ಎರಡೂವರೆ ಗ್ರಾಂ ಸಾಕು. ಮೊದಲು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರು ಮಾತ್ರ ಹಾಕಿ, ಒಂದು ಗಂಟೆ ಬಿಟ್ಟು ಬಳಸಿ. ಈ ಪುಡಿಯನ್ನು ಬಚ್ಚಲು ತೊಳೆಯುವ ಆ್ಯಸಿಡ್ ಜೊತೆ ಯಾವ ಕಾರಣಕ್ಕೂ ಸೇರಿಸಬೇಡಿ, ವಿಷಗಾಳಿ ಏಳುತ್ತದೆ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ರಾತ್ರಿ ಒಂದು ಬಿಂದಿಗೆ ಇಟ್ಟು ಬೆಳಗ್ಗೆ ನೋಡಿ. ಐದು ಹತ್ತು ರೂಪಾಯಿಯ ವಾಷರ್ ಹಾಕದೆ ಎಷ್ಟು ನೀರು ಕಳೆಯುತ್ತಿದ್ದೇವೆ ಅಂತ ಬಿಂದಿಗೆಯೇ ಹೇಳುತ್ತದೆ. ಒಂದು ಲೀಟರ್ ಹಾಲು ಕೊಡಲು ಹಸುವಿಗೆ ಮೂರ್ನಾಲ್ಕು ಲೀಟರ್ ನೀರು ಬೇಕು ಅನ್ನುವುದು ಹಾಲು ಹಾಕುವ ನಮಗೆ ನೆನಪಿರಬೇಕು.

ಈಗ ಸ್ವಲ್ಪ ಕಹಿ ಮಾತು, ಬೇಜಾರು ಮಾಡಿಕೊಳ್ಳಬಾರದು. ಬೀದಿ ಪೈಪಿಗೆ ಮೋಟಾರು ಹಾಕಿ ನೀರೆಳೆಯುವವರು ಎಲ್ಲಾ ಊರಲ್ಲೂ ಇದ್ದಾರೆ, ನಮ್ಮೂರಲ್ಲೂ ಇದ್ದಾರೆ. ಇದರಿಂದ ಮೇಲಿನ ಕೇರಿಗೆ ನೀರು ಹತ್ತುವುದಿಲ್ಲ, ಅದು ಅನ್ಯಾಯ. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಮೋಟಾರು ಜೋರಾಗಿ ಎಳೆದಾಗ, ಪೈಪು ಎಲ್ಲಿ ಸೀಳಿದೆಯೋ ಅಲ್ಲಿಂದ ಚರಂಡಿ ನೀರು ಒಳಕ್ಕೆ ಬರುತ್ತದೆ. ವಾಲ್ವ್ ಗುಂಡಿಯಲ್ಲಿ ಕೊಳಚೆ ನಿಂತಿದ್ದರೆ ನೀರು ನಿಲ್ಲಿಸಿದ ಹೊತ್ತಿನಲ್ಲೂ ಹೀಗೇ ಆಗುತ್ತದೆ. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಬಿಟ್ಟರು. ಅಂಥದ್ದು ನಮ್ಮೂರಿಗೆ ಬರುವುದು ಬೇಡ. ನೀರುಗಂಟಿ ಒಬ್ಬನೇ ಎಷ್ಟು ಅಂತ ನೋಡಿಯಾನು? ಸೋರುವ ಪೈಪು ಕಂಡವರು ಅದೇ ದಿನ ಪಂಚಾಯಿತಿಗೆ ಹೇಳಬೇಕು. ಮೋಟಾರು ಹಾಕಿದವರು ತಾವಾಗಿಯೇ ತೆಗೆಯಬೇಕು. ತೆಗೆದವರನ್ನು ಯಾರೂ ಆಡಿಕೊಳ್ಳಬಾರದು.

ಕೊನೆಯ ಮಾತು. ಇಷ್ಟೆಲ್ಲಾ ಕೆಲಸ ಮಾಡುವವರು ಯಾರು? ಹುಡುಗರು ಬೆಂಗಳೂರು ಸೇರಿದ್ದಾರೆ. ಎಷ್ಟೋ ಮನೆಯಲ್ಲಿ ಅಜ್ಜಿ ಒಬ್ಬರೇ, ಇಲ್ಲಾಂದ್ರೆ ಅಜ್ಜ ಅಜ್ಜಿ ಇಬ್ಬರೇ. ಎಪ್ಪತ್ತು ದಾಟಿದವರು ಏಣಿ ಹತ್ತಿ ಹೆಂಚು ಸರಿಮಾಡಲು ಆದೀತೇ? ಹಿಂದೆ ನಮ್ಮ ಹಿರಿಯರು ಮುಯ್ಯಾಳು ಅಂತ ಮಾಡುತ್ತಿದ್ದರು. ಇವತ್ತು ನಿಮ್ಮ ಹೊಲ, ನಾಳೆ ನಮ್ಮ ಹೊಲ. 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಆ ಸಹಕಾರದ ಬೇರು ಇಂಥ ಮುಯ್ಯಾಳಿನಲ್ಲೇ ಇದೆ ಅಂತ ನಮ್ಮ ಭಾವನೆ.

ಆದ್ದರಿಂದ ಈ ಬೆಳ್ಳಿ ಹಬ್ಬದ ನೆನಪಿಗೆ ಸರ್ವ ಸದಸ್ಯರ ಸಭೆ ಮುಂದೆ ಒಂದು ಸೂಚನೆ ಇಡುತ್ತೇವೆ. ಸಂಘದ ಕಟ್ಟಡದಲ್ಲಿ ಒಂದು ಗಟ್ಟಿ ಏಣಿ, ಹಗ್ಗ, ಪೈಪ್ ರೇಂಚು, ಟೇಪು, ವಾಷರ್, ಬ್ಲೀಚಿಂಗ್ ಪುಡಿ, ನೂರಿನ್ನೂರು ಹೆಂಚು ಇರಲಿ. ಬೇಕಾದವರು ಪುಸ್ತಕದಲ್ಲಿ ಬರೆದು ತೆಗೆದುಕೊಂಡು ಹೋಗಲಿ. ವರ್ಷಕ್ಕೆ ಮೂರು ಭಾನುವಾರ, ಹೇಳಿದ ಮೂರು ಹಬ್ಬದ ಆಸುಪಾಸಿನಲ್ಲಿ, ಕೈಲಾದವರು ಕೂಡಿ ಕೈಲಾಗದವರ ಮನೆ ನೋಡೋಣ. ಹಬ್ಬಕ್ಕೆ ಊರಿಗೆ ಬಂದ ಮಕ್ಕಳೂ ಸೇರಲಿ. ಮೊದಲ ಪಟ್ಟಿಯಲ್ಲಿ ಒಂಟಿ ಅಜ್ಜಿಯರ ಮನೆ ಬರಲಿ, ನಿರ್ದೇಶಕರ ಮನೆ ಕೊನೆಯಲ್ಲಿ ಬರಲಿ.

ಸಂಘ ಅಂದರೆ ಬೆಳಗ್ಗೆ ಸಂಜೆ ಹಾಲು ಅಳೆಯುವ ಜಾಗ ಮಾತ್ರವಲ್ಲ.

ಜೈ ಸಹಕಾರ, ಜೈ ಕರ್ನಾಟಕ.