ಬಿಸಿ ಸೋರದಂತೆ ತಡೆಯುವ ಬಗೆ



ಸೂರ್ಯನ ಒಡಲಲ್ಲಿ ನಡೆಯುವ ಬೈಜಿಕ ಸಮ್ಮಿಲನವನ್ನು ಭೂಮಿಯ ಮೇಲೆ ನಡೆಸಲು ಡ್ಯೂಟೀರಿಯಂ ಮತ್ತು ಟ್ರಿಟಿಯಂ ಅನಿಲಗಳನ್ನು ಸುಮಾರು 15 ಕೋಟಿ ಡಿಗ್ರಿಗೆ ಕಾಯಿಸಬೇಕು. ಆಗ ಅವು ಪ್ಲಾಸ್ಮಾ ಆಗುತ್ತವೆ. ಅದನ್ನು ಹಿಡಿದಿಡುವುದು ಕಾಂತಕ್ಷೇತ್ರ. ಹೀಗೆ ಪ್ಲಾಸ್ಮಾವನ್ನು ಹಿಡಿದಿಡುವ ಬಳೆಯಾಕಾರದ ಒಂದು ಯಂತ್ರದ ಹೆಸರು ಟೋಕಮಾಕ್.

ಕಾಯಿಸುವುದನ್ನು ವಿಜ್ಞಾನಿಗಳು ಎಂದೋ ಕಲಿತರು. ಕಾಡಿದ್ದು ಬಿಸಿಯ ಸೋರಿಕೆ. ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಹೊರಜಾರುವುದರಿಂದ ಎಷ್ಟು ಬಿಸಿ ಹೋಗಬಹುದೆಂದು ಲೆಕ್ಕ ಹಾಕಿದರೆ, ನಿಜವಾದ ಸೋರಿಕೆ ಅದರ ಎಷ್ಟೋ ಪಟ್ಟು ಹೆಚ್ಚು!

ಕಾರಣ, ಪ್ಲಾಸ್ಮಾದೊಳಗಿನ ಕ್ಷೋಭೆ. ನಡುವೆ ಕೋಟಿಗಟ್ಟಲೆ ಡಿಗ್ರಿ, ಒಂದೆರಡು ಮೀಟರ್ ಆಚೆ ತಣ್ಣನೆಯ ಗೋಡೆ. ಒಲೆಯ ಮೇಲಿನ ನೀರು ತಳ ಕಾದಂತೆ ಮಗುಚತೊಡಗುವ ಹಾಗೆ, ಈ ಉಷ್ಣತೆಯ ಇಳಿಜಾರೇ ಸುಳಿಗಳನ್ನು ಎಬ್ಬಿಸುತ್ತದೆ. ಒಂದೊಂದು ಸುಳಿಯೂ ಸೆಂಟಿಮೀಟರುಗಳಷ್ಟೇ ಅಗಲ; ಕಣ್ಣು ಮಿಟುಕಿಸುವುದರೊಳಗೆ ಸಾವಿರಾರು ಹುಟ್ಟಿ ಅಳಿಯುತ್ತವೆ. ಬಿಸಿ ಕಣಗಳನ್ನು ಹೊರಕ್ಕೆ, ತಣ್ಣನೆಯವನ್ನು ಒಳಕ್ಕೆ ಸಾಗಿಸುವುದೇ ಅವುಗಳ ಕೆಲಸ. ಇನ್ನಷ್ಟು ಕಾಯಿಸಿದರೆ ಇಳಿಜಾರು ಕಡಿದಾಗಿ, ಸುಳಿಗಳ ಆರ್ಭಟವೂ ಹೆಚ್ಚುತ್ತದೆ.

ಈ ಬಿಕ್ಕಟ್ಟು ಸಡಿಲಿದ್ದು 1982ರಲ್ಲಿ, ಜರ್ಮನಿಯ ಮ್ಯೂನಿಕ್ ಬಳಿಯ ಗಾರ್ಕಿಂಗ್‌ನಲ್ಲಿ. ಅಲ್ಲಿನ ಆಸ್ಡೆಕ್ಸ್ ಎಂಬ ಟೋಕಮಾಕ್‌ನಲ್ಲಿ ವಿಜ್ಞಾನಿ ಫ್ರಿಟ್ಜ್ ವಾಗ್ನರ್ ಮತ್ತು ಸಂಗಡಿಗರು ತಾಪನದ ಶಕ್ತಿಯನ್ನು ಒಂದು ಮಟ್ಟ ದಾಟಿಸಿದಾಗ, ಪ್ಲಾಸ್ಮಾದ ಅಂಚು ಇದ್ದಕ್ಕಿದ್ದಂತೆ ಶಾಂತವಾಯಿತು. ಬಿಸಿ ಉಳಿಯುವ ಅವಧಿ ಸುಮಾರು ಇಮ್ಮಡಿಯಾಯಿತು. ಯಾವ ಸಿದ್ಧಾಂತವೂ ಇದನ್ನು ಮುಂಚಿತವಾಗಿ ಹೇಳಿರಲಿಲ್ಲ; ಪ್ರಯೋಗಶಾಲೆಯೇ ಕೊಟ್ಟ ವರ ಇದು. ನಂತರ ತಿಳಿದುಬಂದ ಪ್ರಕಾರ, ಅಂಚಿನಲ್ಲಿ ಪ್ಲಾಸ್ಮಾದ ಪದರಗಳು ಬೇರೆ ಬೇರೆ ವೇಗದಲ್ಲಿ ಹರಿಯುತ್ತವೆ. ನಡುವೆ ಸಿಕ್ಕ ಸುಳಿಗಳು ಎಳೆದಾಡಿಸಿಕೊಂಡು ಹರಿದು ಚೂರಾಗುತ್ತವೆ. ಆದರೆ ಆ ನೆಮ್ಮದಿಗೂ ಬೆಲೆಯುಂಟು: ಅಂಚಿನಲ್ಲಿ ಒತ್ತಡ ಕೂಡಿ ಆಗಾಗ ಸಿಡಿದು, ಗೋಡೆಗೆ ಪೆಟ್ಟು ಕೊಡುತ್ತದೆ.

ನಮ್ಮ ದೇಶದ ಪಾಲನ್ನೂ ಹೇಳಬೇಕು. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯ 'ಆದಿತ್ಯ' ಟೋಕಮಾಕ್ 1989ರಲ್ಲಿ ಕೆಲಸ ಆರಂಭಿಸಿತು. ಅಂಚಿನ ಕ್ಷೋಭೆ ಒಂದೇ ಸಮನೆ ಇರದೆ ಬಿಟ್ಟುಬಿಟ್ಟು ಭುಗಿಲೇಳುತ್ತದೆ ಎಂದು ಅದರ ಅಳತೆಗಳು 1990ರ ದಶಕದ ಆರಂಭದಲ್ಲೇ ತೋರಿಸಿದವು. ದೊಡ್ಡ ಯಂತ್ರಗಳ ಮುಂದೆ ಪುಟ್ಟದಾದ ಆದಿತ್ಯದ ಈ ಸಾಧನೆ ನಮಗೆ ಹೆಮ್ಮೆಯ ವಿಷಯ.

ಫ್ರಾನ್ಸಿನಲ್ಲಿ ಭಾರತವೂ ಪಾಲುದಾರನಾಗಿ ಕಟ್ಟುತ್ತಿರುವ ಈಟರ್ ಎಂಬ ಟೋಕಮಾಕ್, 50 ಮೆಗಾವಾಟ್ ತಾಪನಶಕ್ತಿ ಪಡೆದು 500 ಮೆಗಾವಾಟ್ ಸಮ್ಮಿಲನಶಕ್ತಿ ಕೊಡಬೇಕೆಂಬುದು ಗುರಿ. ಗಾರ್ಕಿಂಗ್‌ನಲ್ಲಿ ಕಂಡ ಆ ಶಾಂತಸ್ಥಿತಿಯನ್ನು ನೆಚ್ಚಿಕೊಂಡೇ ಅದರ ವಿನ್ಯಾಸ ಮಾಡಿದ್ದಾರೆ.