ವಾಲ್ಪಾರೈ ಟ್ರಿಪ್: ಭಯ ಪಡಬೇಕಾದ್ದು ಆನೆಗಲ್ಲ

ಚೆನ್ನೈನಲ್ಲಿರೋ ನಮ್ಮೋರಿಗೆ ಲಾಂಗ್ ವೀಕೆಂಡ್ ಬಂತು ಅಂದ್ರೆ ಈಗ ವಾಲ್ಪಾರೈ. ಎಲ್ಲರೂ ಕೇಳೋ ಪ್ರಶ್ನೆ ಒಂದೇ: "ಆನೆ ಬರುತ್ತಾ?" ಬರುತ್ತೆ. ನನಗೆ ಅದಕ್ಕಿಂತ ಹೆಚ್ಚು ಭಯ ನಿಮ್ಮ ಶುಕ್ರವಾರದ ನಿದ್ದೆಗೆಟ್ಟ ರಾತ್ರಿ, ಮತ್ತೆ ಭಾನುವಾರದ ಇಳಿಜಾರು.

ಚೆನ್ನೈನಿಂದ ಪೊಳ್ಳಾಚಿ 500 ಕಿಲೋಮೀಟರ್ ಮೀರುತ್ತದೆ. ದಿನವಿಡೀ ಕಾಲ್‌ನಲ್ಲಿದ್ದು, ರಾತ್ರಿಯೆಲ್ಲಾ ಓಡಿಸಿ, ಬೆಳಗ್ಗೆ ಮಂಜಿನಲ್ಲಿ ಆಳಿಯಾರ್‌ನ 40 ಹೇರ್‌ಪಿನ್ ಹತ್ತೋದು ಸಾಹಸ ಅಲ್ಲ. ನಾನು ಪೊಳ್ಳಾಚಿಯಲ್ಲಿ ಮಲಗಿ, ಅಲ್ಲೇ ಟ್ಯಾಂಕ್ ತುಂಬಿಸಿ, ಬೆಳಕು ಹರಿದ ಮೇಲೆ ಹತ್ತುತ್ತೇನೆ. ಅರ್ಧ ದಿನ ಹೋಗುತ್ತೆ, ಹೋಗಲಿ.

ಈಗ ಇಳಿಯೋದು. ಯಾವ ಗೇರ್‌ನಲ್ಲಿ ಹತ್ತಿದಿರೋ ಅದೇ ಗೇರ್‌ನಲ್ಲಿ ಇಳಿಯಿರಿ. ಆಟೋಮ್ಯಾಟಿಕ್ ಇದ್ದವರು 'ಡಿ'ಯಲ್ಲೇ ಬಿಟ್ಟು ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಬರ್ತಾರೆ. ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳೋದು ಹೀಗೇ. ಮ್ಯಾನುವಲ್ ಮೋಡ್ ಅಥವಾ 'ಎಲ್' ಇರೋದು ಇದಕ್ಕೇ. ನ್ಯೂಟ್ರಲ್‌ನಲ್ಲಿ ಇಳಿದ್ರೆ ಪೆಟ್ರೋಲ್ ಉಳಿಯುತ್ತೆ ಅನ್ನೋ ಮಾವಂದಿರು ಪ್ರತಿ ಮನೆಯಲ್ಲೂ ಇರ್ತಾರೆ. ಇಂದಿನ ಇಂಜೆಕ್ಷನ್ ಕಾರುಗಳಲ್ಲಿ ಗೇರ್‌ನಲ್ಲಿ ಇಳಿಯುವಾಗಲೇ ಇಂಧನ ಕಟ್ ಆಗೋದು. ಎಲೆಕ್ಟ್ರಿಕ್ ಕಾರಿನವರು ಮೇಲೆ ಬ್ಯಾಟರಿ ಪೂರ್ತಿ ತುಂಬಿಸಬೇಡಿ. ತುಂಬಿದ ಬ್ಯಾಟರಿಗೆ ರೀಜೆನ್ ಸರಿಯಾಗಿ ಸಿಗಲ್ಲ. ಸುಟ್ಟ ವಾಸನೆ ಬಂದ್ರೆ, ಪೆಡಲ್ ಮೆತ್ತಗಾದ್ರೆ, ಅಗಲ ಜಾಗದಲ್ಲಿ ನಿಲ್ಲಿಸಿ ಆರಲು ಬಿಡಿ. ಚಕ್ರಕ್ಕೆ ನೀರು ಸುರೀಬೇಡಿ. ಹತ್ತಿ ಬರುವ ಗಾಡಿಗೆ ದಾರಿ ಬಿಡೋದು ಇಳಿಯೋರ ಕೆಲಸ, ಇದು ಕಾನೂನೂ ಹೌದು.

ಇನ್ನು ಆನೆ. ವಾಲ್ಪಾರೈ ಎಸ್ಟೇಟ್‌ಗಳ ಹತ್ತಿರ ಆನೆ ಇದ್ದರೆ ಹೊತ್ತಿಕೊಳ್ಳೋ ಕೆಂಪು ದೀಪಗಳಿವೆ. ತೋಟದ ಕೆಲಸಗಾರರು ಜೀವ ಉಳಿಸಿಕೊಳ್ಳಲಿ ಅಂತ ಹಾಕಿದ್ದು, ರೀಲ್ಸ್‌ಗೆ ಲೊಕೇಶನ್ ಅಲ್ಲ. ದೀಪ ಕಂಡ್ರೆ ಮುಂದೆ ಹೋಗಬೇಡಿ. ಆನೆಯೇ ಕಂಡ್ರೆ ದೂರದಲ್ಲೇ ನಿಲ್ಲಿಸಿ. ಹಾರ್ನ್ ಬೇಡ, ಫ್ಲ್ಯಾಶ್ ಬೇಡ, ಕಾರಿಂದ ಇಳಿಯೋದಂತೂ ಬೇಡವೇ ಬೇಡ. ಸಿಂಹಬಾಲದ ಕೋತಿಗೆ ಚಿಪ್ಸ್ ಕೊಡಬೇಡಿ. ತಿಂಡಿಗಾಗಿ ರಸ್ತೆಗಿಳಿದ ಕೋತಿ ಚಕ್ರದಡಿ ಸಾಯುತ್ತೆ.

ಮಲಕ್ಕಪ್ಪಾರ ಮೂಲಕ ಅತಿರಪ್ಪಿಳ್ಳಿಗೆ ಇಳಿಯೋ ಪ್ಲಾನ್ ಇದ್ದರೆ ಬೆಳಗ್ಗೆಯೇ ಹೊರಡಿ. ಕಾಡಿನ ಚೆಕ್‌ಪೋಸ್ಟ್ ರಾತ್ರಿ ಬಿಡಲ್ಲ, ಒಳಗೆ ಸಿಗ್ನಲ್ಲೂ ಇರಲ್ಲ. ಆಫ್‌ಲೈನ್ ಮ್ಯಾಪ್ ಇಳಿಸ್ಕೊಳ್ಳಿ, ಮನೆಯಲ್ಲಿ ಒಬ್ಬರಿಗೆ ದಾರಿ, ಸಮಯ ಎರಡೂ ಹೇಳಿರಿ. ಇ-ಪಾಸ್ ನಿಯಮ ಹೊರಡೋ ಮುಂಚೆಯೇ ನೋಡ್ಕೊಳ್ಳಿ, ಆಳಿಯಾರ್ ಗೇಟ್‌ನಲ್ಲಿ ನಿಂತು ಓಟಿಪಿ ಹುಡುಕಬೇಡಿ. ಪ್ರಶ್ನೆಗಳಿದ್ರೆ ಕೇಳಿ.